ಭುಜದ ಆಪರೇಷನ್ನೇ? ನೋವು ಏಳುವ ಮೊದಲೇ ಎಚ್ಚರವಾಗಿ!

ತಲೆ ಬಾಚಿ ಜಡೆ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು? "ಅಯ್ಯೋ, ಅದೇನು ಮಹಾ, ಐದು ನಿಮಿಷ" ಅನ್ನುತ್ತೀರಿ, ಅಲ್ಲವೇ? ನನ್ನ ಜಡೆಯನ್ನು ನಾನೇ ಹಾಕಿಕೊಳ್ಳಲಾಗದೆ ಒಂದು ವರ್ಷದ ಹತ್ತಿರ ಮಗಳ ಮುಂದೆ ತಲೆ ಕೊಟ್ಟು ಕೂತವಳು ನಾನು. ಸೆರಗು ಹಿಂದಕ್ಕೆ ಹಾಕಲು ಇನ್ನೊಬ್ಬರು ಬೇಕು. ಮೇಲಿನ ಗೂಡಿನಿಂದ ಸಾಸಿವೆ ಡಬ್ಬ ಇಳಿಸಲು ಇನ್ನೊಬ್ಬರು ಬೇಕು. ಬಲಗೈ ಎಂಬುದು ಇದ್ದೂ ಇಲ್ಲದ ಹಾಗೆ!

ಹೆಂಗಸರಾದ ನಾವು ಭುಜದ ನೋವನ್ನು ನೋವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀರು ಹೊತ್ತದ್ದಕ್ಕೆ ಬಂತು, ಬಟ್ಟೆ ಒಗೆದದ್ದಕ್ಕೆ ಬಂತು, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಹೋಗುತ್ತೆ ಎಂದು ದಿನ ದೂಡುತ್ತೇವೆ. ಕೊನೆಗೆ ಡಾಕ್ಟರು "ಆಪರೇಷನ್ ಆಗಬೇಕು" ಅಂದಾಗ ಎದೆ ಧಸಕ್ಕೆನ್ನುತ್ತದೆ. ಮೊದಲು ಬರುವ ಪ್ರಶ್ನೆಯೂ ಒಂದೇ: "ಆಮೇಲೆ ನೋವು ಹೇಗಿರುತ್ತೆ?"

ಆ ನೋವಿಗೆ ಈಗ ಒಳ್ಳೆಯ ಉಪಾಯವಿದೆ. ಕೈಯ ನರಗಳ ಬುಡಕ್ಕೇ ಔಷಧಿ ಕೊಟ್ಟು ಇಡೀ ಭುಜವನ್ನು ಮರಗಟ್ಟಿಸುತ್ತಾರೆ. ಆಸ್ಪತ್ರೆಯವರು ಇದಕ್ಕೆ ನರ್ವ್ ಬ್ಲಾಕ್ ಅನ್ನುತ್ತಾರೆ. ನನಗೂ ಮಾಡಿದರು, ಬಹಳ ಉಪಕಾರವೂ ಆಯಿತು. ಆದರೆ ಅದರ ಒಂದು ಗುಟ್ಟು ತಿಳಿಯದೆ ನಾನು ಒಂದು ರಾತ್ರಿ ನರಕ ಕಂಡೆ. ಆ ಗುಟ್ಟನ್ನು ನಿಮಗೆ ಮುಂಚಿತವಾಗಿ ಹೇಳಿಬಿಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಬ್ಬದ ಪಾತ್ರೆ ತಂದ ಪಜೀತಿ

2022ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ ಇಳಿಸೋಣ ಎಂದು ಸ್ಟೂಲು ಹತ್ತಿದೆ. ಸ್ಟೂಲಿನ ಒಂದು ಕಾಲು ಗಿಡ್ಡ ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಬಿದ್ದೆ. ಬಲಗೈ ಊರಿಕೊಂಡೇ ಬಿದ್ದೆ. ಪಾತ್ರೆಗೆ ಒಂದು ಗೀರೂ ಆಗಲಿಲ್ಲ!

ನಮ್ಮದು ಅರಸೀಕೆರೆ. ಊರಲ್ಲೇ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಅಂದರು. ಸರಿ, ಎಣ್ಣೆ ಹಾಕಿ ನೀವಿಸಿಕೊಂಡೆ, ಪಟ್ಟು ಹಾಕಿಸಿದೆ. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿ ಆ ಮಗ್ಗುಲಿಗೆ ಮಲಗುವ ಹಾಗಿಲ್ಲ. ನಾಲ್ಕು ತಿಂಗಳಾದ ಮೇಲೆ ಇವರು ಬೈದು ಬೆಂಗಳೂರಿಗೆ ರೈಲು ಹತ್ತಿಸಿದರು. ಅಲ್ಲಿ ಎಂಆರ್‌ಐ ಮಾಡಿಸಿದಾಗ ತಿಳಿಯಿತು, ಭುಜದ ಒಳಗಿನ ಸ್ನಾಯುವಿನ ಪಟ್ಟಿ ಮೂಳೆಯಿಂದ ಹರಿದು ಬಂದಿದೆ ಅಂತ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಈ ಪಟ್ಟಿ ಕಾಣುವುದಿಲ್ಲವಂತೆ.

ನಮ್ಮ ಭುಜದ ಕೀಲು ಎಂದರೆ ಸಣ್ಣ ತಟ್ಟೆಯ ಮೇಲೆ ದೊಡ್ಡ ಉಂಡೆ ಇಟ್ಟ ಹಾಗೆ. ಆ ಉಂಡೆ ಜಾರದಂತೆ ನಾಲ್ಕು ಸ್ನಾಯುಗಳು ಸುತ್ತಲೂ ಹಿಡಿದುಕೊಂಡಿರುತ್ತವೆ. ನನ್ನಲ್ಲಿ ಹರಿದದ್ದು ಅದರಲ್ಲಿ ಮೇಲಿನದು. ಸಣ್ಣ ಸಣ್ಣ ತೂತು ಮಾಡಿ, ಒಳಗೆ ಕ್ಯಾಮೆರಾ ಇಳಿಸಿ, ಮೂಳೆಯಲ್ಲಿ ರಂಧ್ರ ಕೊರೆದು ಮೊಳೆಯಂಥದ್ದನ್ನು ಕೂರಿಸಿ, ಅದಕ್ಕೆ ಕಟ್ಟಿದ ದಾರದಿಂದ ಹರಿದ ಪಟ್ಟಿಯನ್ನು ಮತ್ತೆ ಹೊಲಿಯುತ್ತಾರೆ. ಹೊರಗೆ ನೋಡಿದರೆ ನಾಲ್ಕು ಪುಟ್ಟ ಗಾಯ. ಒಳಗೆ ಮಾತ್ರ ಬಡಗಿಯ ಕೆಲಸ! ಅದಕ್ಕೇ ಆಪರೇಷನ್ ಆದ ಮೊದಲ ಒಂದೆರಡು ದಿನ ಭುಜದ ನೋವು ಬಹಳ ಜೋರು.

ಕತ್ತಿಗೆ ಇಂಜೆಕ್ಷನ್!

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿದೆ. ಹಿಂದಿನ ಸಂಜೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ನಾಲ್ಕು ಪ್ರಶ್ನೆ ಕೇಳಿ, "ನಾಳೆ ಪೂರ್ತಿ ನಿದ್ದೆ ಬರಿಸುತ್ತೇವೆ. ಅದಕ್ಕೆ ಮುಂಚೆ ಕತ್ತಿನ ಪಕ್ಕ ಒಂದು ಇಂಜೆಕ್ಷನ್ ಕೊಟ್ಟು ಕೈ ಮರಗಟ್ಟಿಸುತ್ತೇವೆ" ಅಂದರು.

ನಾನು ಬೆಚ್ಚಿಬಿದ್ದೆ. ನೋವಿರುವುದು ಭುಜಕ್ಕೆ, ಸೂಜಿ ಕತ್ತಿಗೆ! ಇದೇನು ಅನ್ಯಾಯ?

ಆಕೆ ನಕ್ಕು, ನನ್ನ ಜಡೆಯನ್ನೇ ತೋರಿಸಿದರು. "ನೋಡೀಮ್ಮಾ, ನೀವು ಮೂರು ಕಾಲಿನ ಜಡೆ ಹಾಕುತ್ತೀರಿ. ದೇವರು ಕೈಗೆ ಐದು ಕಾಲಿನ ಜಡೆ ಹಾಕಿದ್ದಾನೆ. ಕತ್ತಿನ ಬೆನ್ನುಹುರಿಯಿಂದ ಕೆಳಗಿನ ನಾಲ್ಕು ನರ, ಎದೆಯ ಭಾಗದಿಂದ ಮೊದಲನೆಯ ಒಂದು, ಒಟ್ಟು ಐದು ನರಗಳು ಹೊರಟು, ಒಂದರೊಳಗೊಂದು ಹೆಣೆದುಕೊಂಡು ಆಮೇಲೆ ಕೈಯೆಲ್ಲ ಹರಡುತ್ತವೆ. ಜಡೆಯ ಬುಡ ಕತ್ತಿನಲ್ಲಿದೆ. ನಾವು ಬುಡವನ್ನು ಹಿಡಿಯುತ್ತೇವೆ."

ಈ ಮಾತು ನನಗೆ ತಟಕ್ಕನೆ ತಿಳಿಯಿತು. ಕೆರೆಯ ತೂಬು ಮುಚ್ಚಿದರೆ ಕೆಳಗಿನ ಕಾಲುವೆಗಳಿಗೆಲ್ಲ ನೀರು ನಿಲ್ಲುವುದಿಲ್ಲವೇ? ಹಾಗೆಯೇ ಭುಜದಿಂದ ಮಿದುಳಿಗೆ ಹೋಗುವ ನೋವಿನ ಸುದ್ದಿಯನ್ನು ದಾರಿಯಲ್ಲೇ ತಡೆಯುವುದು.

ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಒಳಗೆ ಕರೆದೊಯ್ದರು. ನಿದ್ದೆ ಬರಿಸುವ ಮೊದಲೇ ಈ ಕೆಲಸ. ಕತ್ತಿನ ಮೇಲೆ ತಣ್ಣನೆಯ ಜೆಲ್ ಸವರಿ ಒಂದು ಯಂತ್ರ ಇಟ್ಟರು. ಬಸುರಿಯಾದಾಗ ಹೊಟ್ಟೆಯ ಮೇಲೆ ಇಟ್ಟು ಮಗುವನ್ನು ನೋಡುತ್ತಾರಲ್ಲ, ಅದೇ ಸ್ಕ್ಯಾನಿಂಗ್! ಪರದೆಯ ಮೇಲೆ ನರಗಳು ಒಂದರ ಮೇಲೊಂದು ಕಪ್ಪು ಮಣಿಗಳ ಹಾಗೆ ಕಂಡವು. ಎರಡು ಸ್ನಾಯುಗಳ ಸಂದಿಯಲ್ಲಿ ಅವು ಇರುತ್ತವೆ. ಮೊದಲು ಚರ್ಮ ಮರಗಟ್ಟಿಸಿ, ಸೂಜಿ ಎಲ್ಲಿ ಹೋಗುತ್ತಿದೆ ಎಂದು ಪರದೆ ನೋಡುತ್ತಲೇ ಔಷಧಿ ಬಿಟ್ಟರು. ಇರುವೆ ಕಚ್ಚಿದಂತೆ ಒಂದು ಚುಚ್ಚು, ಆಮೇಲೆ ಒತ್ತಿದ ಹಾಗೆ. ಅಷ್ಟೇ.

ಹತ್ತು ಹದಿನೈದು ನಿಮಿಷಕ್ಕೆ ಭುಜ ಬೆಚ್ಚಗಾಯಿತು, ಜೋಮು ಹಿಡಿಯಿತು, ಆಮೇಲೆ ಭಾರವಾಯಿತು. "ಕೈ ಎತ್ತಿ" ಅಂದರು. ಎತ್ತಲಾಗಲಿಲ್ಲ. ಕಿರುಬೆರಳು ಮಾತ್ರ ಅಲ್ಲಾಡುತ್ತಿತ್ತು. "ಇಂಜೆಕ್ಷನ್ ಹಿಡಿಯಲಿಲ್ಲವೇನೋ!" ಎಂದು ನನಗೆ ಗಾಬರಿ. ಆದರೆ ಕತ್ತಿನಲ್ಲಿ ಕೊಡುವ ಈ ಔಷಧಿ ಮೇಲಿನ ನರಗಳಿಗೆ ಚೆನ್ನಾಗಿ ತಾಗುತ್ತದೆ, ಕಿರುಬೆರಳಿನ ಕಡೆಯ ಕೆಳಗಿನ ನರಕ್ಕೆ ಅಷ್ಟಾಗಿ ತಾಗದೆ ಇರಬಹುದು. ಭುಜದ ಆಪರೇಷನ್ನಿಗೆ ಅದರಿಂದ ಅಡ್ಡಿಯಿಲ್ಲ.

ಆ ರಾತ್ರಿ

ಮಧ್ಯಾಹ್ನ ಎಚ್ಚರವಾದಾಗ ನೋವೇ ಇಲ್ಲ! ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಎದೆಗೆ ಕಟ್ಟಿದ್ದರು. ಮುಟ್ಟಿ ನೋಡಿದರೆ ಬೇರೆ ಯಾರದೋ ಕೈ ಮುಟ್ಟಿದ ಹಾಗೆ. ಸಂಜೆ ಇಡ್ಲಿ ತಿಂದೆ, ಕಾಫಿ ಕುಡಿದೆ. ಮಗಳಿಗೆ ಫೋನು ಮಾಡಿ "ಏನೂ ಇಲ್ಲ ಕಣೇ, ಹಲ್ಲು ಕೀಳಿಸಿದ ಹಾಗೆ ಆಯ್ತು" ಎಂದು ಜಂಬ ಕೊಚ್ಚಿದೆ.

ಒಂದು ಗಾಬರಿ ಮಾತ್ರ ಆಯಿತು. ಇವರು ನನ್ನ ಮುಖ ನೋಡಿ, "ನಿನ್ನ ಬಲಗಣ್ಣಿನ ರೆಪ್ಪೆ ಯಾಕೆ ಜೋತುಬಿದ್ದಿದೆ?" ಅಂದರು. ದನಿಯೂ ಒಡಕು ಒಡಕಾಗಿತ್ತು. ಲಕ್ವ ಹೊಡೆಯಿತೇನೋ ಎಂದು ಇವರು ಓಡಿಹೋಗಿ ಡಾಕ್ಟರನ್ನು ಕರೆತಂದರು. ಪರೀಕ್ಷಿಸಿ, ಅದು ಕತ್ತಿನ ಔಷಧಿ ಪಕ್ಕದ ನರಗಳಿಗೂ ಸ್ವಲ್ಪ ಹರಡಿದ್ದರಿಂದ ಆದದ್ದು, ಮರಗಟ್ಟಿದ್ದು ಬಿಡುವಾಗ ತಾನೇ ಸರಿಹೋಗುತ್ತದೆ ಎಂದರು. ಹಾಗೆಯೇ ಹೋಯಿತು. ಆದರೂ ಓಡಿಹೋಗಿ ಕರೆದದ್ದು ಸರಿಯೇ. ಇದು ಅದೇ ಇರಬಹುದು ಎಂದು ನಾವೇ ತೀರ್ಮಾನ ಮಾಡಿ ಕೂರಬಾರದು.

ರಾತ್ರಿ ಒಂಬತ್ತಕ್ಕೆ ನರ್ಸಮ್ಮ ಮಾತ್ರೆ ತಂದರು. "ನೋವೇ ಇಲ್ಲವಲ್ಲ ಸಿಸ್ಟರ್, ಯಾಕೆ?" ಅಂದೆ. "ಡಾಕ್ಟರು ಬರೆದಿದ್ದಾರೆ, ತಗೊಳ್ಳಿ" ಎಂದು ಕೈಗಿಟ್ಟು ಆಕೆ ಇನ್ನೊಂದು ಮಂಚದ ಕಡೆ ಹೋದರು. ಯಾಕೆ ಅಂತ ಬಿಡಿಸಿ ಹೇಳಲು ಪಾಪ ಆಕೆಗೆ ಪುರುಸೊತ್ತಿರಲಿಲ್ಲ. ನನಗೋ ಮೊದಲಿಂದ ಮಾತ್ರೆ ಎಂದರೆ ಹೊಟ್ಟೆ ಉರಿಯ ಭಯ. ಸುಮ್ಮನೆ ಯಾಕೆ ನುಂಗಲಿ ಎಂದು ಮಾತ್ರೆಯನ್ನು ದಿಂಬಿನ ಕೆಳಗೆ ಸರಿಸಿ ಮಲಗಿಬಿಟ್ಟೆ. ಎರಡು ಹೆರಿಗೆ ಕಂಡವಳು ನಾನು, ಬಂದಾಗ ನೋಡಿಕೊಳ್ಳೋಣ ಎಂಬ ಧೈರ್ಯ ಬೇರೆ!

ರಾತ್ರಿ ಎರಡು ಗಂಟೆ ಇರಬೇಕು. ಬೆರಳ ತುದಿಯಲ್ಲಿ ಚುಮುಚುಮು ಎಂದು ಎಚ್ಚರವಾಯಿತು. ಕೈಗೆ ಜೀವ ಬಂತು ಎಂದು ಮೊದಲು ಖುಷಿಯಾಯಿತು. ಅರ್ಧ ಗಂಟೆಯೊಳಗೆ ಭುಜದಲ್ಲಿ ಯಾರೋ ಕಾದ ಸಲಾಕೆ ತಿರುವಿದ ಹಾಗೆ ಶುರುವಾಯಿತು ನೋಡಿ! ಹಲ್ಲು ಕಚ್ಚಿದೆ, ದೇವರನ್ನು ನೆನೆದೆ. ಇವರ ನಿದ್ದೆ ಕೆಡಿಸಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡೆ. ಮೂರು ಗಂಟೆಗೆ ತಡೆಯಲಾಗದೆ ಅತ್ತೆ. ದಿಂಬಿನ ಕೆಳಗಿನ ಮಾತ್ರೆ ನುಂಗಿದೆ. ಅದು ಹೊಟ್ಟೆ ಸೇರಿ, ಕರಗಿ, ರಕ್ತಕ್ಕೆ ಹೋಗಿ ಕೆಲಸ ಮಾಡುವ ಹೊತ್ತಿಗೆ ಇನ್ನಷ್ಟು ನೋವು. ಬೇರೆ ಇಂಜೆಕ್ಷನ್ ಕೊಡಿಸಿಕೊಂಡು, ವಾಂತಿಯಾಗಿ, ಬೆಳಗಿನ ಜಾವ ಐದಕ್ಕೆ ಕಣ್ಣು ಮುಚ್ಚಿದೆ.

ಗುಟ್ಟು ಇಷ್ಟೇ

ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ನಾನು ಮಾತ್ರೆಯ ವಿಷಯ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು ಹೇಳಿದರು:

"ನಾವು ನೋವನ್ನು ತೆಗೆದಿರಲಿಲ್ಲ ಅಮ್ಮ, ನೋವಿನ ಸುದ್ದಿಯನ್ನು ತಡೆದಿದ್ದೆವು, ಅಷ್ಟೇ. ಒಳಗೆ ಗಾಯ ಇದ್ದೇ ಇತ್ತು. ಬಾಗಿಲು ತೆರೆದ ಕೂಡಲೇ ಸುದ್ದಿಯೆಲ್ಲ ಒಟ್ಟಿಗೆ ನುಗ್ಗಿತು."

ನಮ್ಮ ನರದ ಗೋಡೆಯಲ್ಲಿ ಬಹಳ ಸಣ್ಣ ಬಾಗಿಲುಗಳಿವೆಯಂತೆ. ಅಡಿಗೆ ಉಪ್ಪಿನಲ್ಲಿರುವ ಸೋಡಿಯಂ ಎಂಬ ಅಂಶ ನಮ್ಮ ಮೈಯಲ್ಲೂ ಇದೆ. ಅದು ಈ ಬಾಗಿಲುಗಳಿಂದ ಒಳಕ್ಕೆ ನುಗ್ಗಿದಾಗಲೇ ಸುದ್ದಿ ಮುಂದಕ್ಕೆ ಹೋಗುವುದು. ಮರಗಟ್ಟಿಸುವ ಔಷಧಿ ಆ ಬಾಗಿಲಿಗೆ ಅಗುಳಿ ಹಾಕುತ್ತದೆ. ರಕ್ತದ ಓಡಾಟದಲ್ಲಿ ಔಷಧಿ ಮೆಲ್ಲಗೆ ತೊಳೆದು ಹೋಗುತ್ತಿದ್ದಂತೆ ಅಗುಳಿ ಒಂದೊಂದೇ ಜಾರುತ್ತದೆ. ಒಂದು ಸಲ ಕೊಟ್ಟ ಇಂಜೆಕ್ಷನ್ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನದವರೆಗೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಕೊಟ್ಟದ್ದು ಬಿಡುವುದು ಬಹಳ ಸಲ ನಡುರಾತ್ರಿಗೇ! ಮನೆಯವರೆಲ್ಲ ಮಲಗಿರುವಾಗ, ಕೇಳುವವರು ಇಲ್ಲದಿರುವಾಗ.

ಮಾತ್ರೆಗಳನ್ನು ಅದಕ್ಕೆ ಮುಂಚೆಯೇ, ನೋವಿಲ್ಲದಿರುವಾಗಲೇ, ಹೊತ್ತು ಹೊತ್ತಿಗೆ ತೆಗೆದುಕೊಳ್ಳಬೇಕು. ಅಗುಳಿ ಜಾರುವ ಹೊತ್ತಿಗೆ ಮಾತ್ರೆಯ ಔಷಧಿ ರಕ್ತದಲ್ಲಿ ಸಿದ್ಧವಾಗಿ ಕಾದಿರಬೇಕು. ಮಳೆ ಬಂದ ಮೇಲೆ ಹಪ್ಪಳ ಎತ್ತಲು ಓಡಿದರೆ ಏನು ಪ್ರಯೋಜನ? ಮೋಡ ಕಂಡಾಗಲೇ ಎತ್ತಬೇಕು. ನಾನು ಪಡೆದ ಪಾಠವೆಲ್ಲ ಈ ಒಂದು ಮಾತಿನಲ್ಲಿದೆ.

ಹೊಟ್ಟೆ ಉರಿಯ ಭಯವಿದ್ದರೆ ಮಾತ್ರೆ ಬಚ್ಚಿಡಬಾರದು, ಡಾಕ್ಟರಿಗೆ ಹೇಳಬೇಕು. ಕೆಲವು ನೋವಿನ ಮಾತ್ರೆಗಳು ಹುಣ್ಣಿರುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಆಗಿಬರುವುದಿಲ್ಲ ನಿಜ. ಹೇಳಿದರೆ ಅವರೇ ಬೇರೆ ಬರೆದುಕೊಡುತ್ತಾರೆ.

ಕೆಲವರಿಗೆ ಇಂಜೆಕ್ಷನ್ ಬದಲು ನರದ ಪಕ್ಕದಲ್ಲೇ ದಾರದಂತಹ ಸಣ್ಣ ಕೊಳವೆ ಇಟ್ಟು, ಪುಟ್ಟ ಪಂಪಿನಿಂದ ಎರಡು ಮೂರು ದಿನ ಔಷಧಿ ತೊಟ್ಟಿಕ್ಕಿಸುವುದೂ ಉಂಟು. ಯಾರಿಗೆ ಯಾವುದು ಎಂಬುದು ಡಾಕ್ಟರ ತೀರ್ಮಾನ. ಕೇಳುವ ಹಕ್ಕು ನಮ್ಮದು.

ಎಲ್ಲಿಂದ ಬಂತು ಈ ವಿದ್ಯೆ?

ಮನೆಗೆ ಬಂದ ಮೇಲೆ ಕೈ ಕಟ್ಟಿಕೊಂಡು ಕೂರುವುದೇ ಕೆಲಸ. ಮಗಳಿಂದ ಅದೂ ಇದೂ ಓದಿಸಿ ಕೇಳಿದೆ. ಇದರ ಹಿಂದೆ ದೊಡ್ಡ ಕಥೆಯೇ ಇದೆ!

1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯ ಕೊಕೇನ್ ದ್ರಾವಣವನ್ನು ಕಣ್ಣಿಗೆ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿದ. ಕಣ್ಣಿನ ಆಪರೇಷನ್ ನೋವಿಲ್ಲದೆ ಆಗತೊಡಗಿತು. ಸ್ವಲ್ಪ ಕಾಲದಲ್ಲೇ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಅದನ್ನೇ ನರಗಳ ಪಕ್ಕಕ್ಕೆ ಚುಚ್ಚಿ ನೋಡಿದ. ತನ್ನ ಮೇಲೂ ಪ್ರಯೋಗ ಮಾಡಿಕೊಂಡು ಪಾಪ, ಕೊಕೇನಿನ ಚಟಕ್ಕೇ ಸಿಕ್ಕಿಬಿದ್ದ. 1911ರಲ್ಲಿ ಜರ್ಮನಿಯ ಕುಲೆನ್‌ಕಾಂಪ್ಫ್ ಎಂಬ ವೈದ್ಯ ಕೊರಳ ಮೂಳೆಯ ಮೇಲ್ಭಾಗದಲ್ಲಿ ತನಗೆ ತಾನೇ ಚುಚ್ಚಿಕೊಂಡು ಕೈ ಮರಗಟ್ಟಿಸಿಕೊಂಡ. ನಮ್ಮ ನೋವು ಕಳೆಯಲು ಎಷ್ಟು ಜನ ತಮ್ಮ ಮೈಯನ್ನೇ ಒಡ್ಡಿದ್ದಾರೆ ನೋಡಿ!

ಚಟ ಹಿಡಿಸದ ಔಷಧಿಗಳು ಆಮೇಲೆ ಬಂದವು. ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್ ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾಯಿತು. ಹೆಚ್ಚು ಹೊತ್ತು ನಿಲ್ಲುವ ಬುಪಿವಕೇನ್ 1957ರಲ್ಲಿ ಅಲ್ಲೇ ಹುಟ್ಟಿತು. ಕತ್ತಿನ ಎರಡು ಸ್ನಾಯುಗಳ ಸಂದಿಯಲ್ಲಿ ಕೊಡುವ ಈಗಿನ ಕ್ರಮವನ್ನು 1970ರಲ್ಲಿ ಅಮೆರಿಕದ ಅಲಾನ್ ವಿನ್ನಿ ಎಂಬ ಡಾಕ್ಟರು ವಿವರಿಸಿದರು. ಆಗೆಲ್ಲ ನರ ಕಾಣುತ್ತಿರಲಿಲ್ಲ. ಬೆರಳಿನಿಂದ ಸಂದಿ ಹುಡುಕಿ, ಸೂಜಿ ತಾಗಿ ರೋಗಿಗೆ ಕೈಯಲ್ಲಿ ಜುಂ ಎಂದಾಗ ಜಾಗ ಸಿಕ್ಕಿತು ಎಂದು ತಿಳಿಯುತ್ತಿದ್ದರು. ಸ್ಕ್ಯಾನಿಂಗ್ ಯಂತ್ರ ಬಂದ ಮೇಲೆ ಕಣ್ಣಿಂದ ನೋಡಿಯೇ ಕೊಡಬಹುದು, ಕಡಿಮೆ ಔಷಧಿಯಲ್ಲೇ ಕೆಲಸವಾಗುತ್ತದೆ.

ಉಸಿರಿನ ವಿಷಯ ಮುಚ್ಚಿಡಬೇಡಿ

ಇನ್ನು ನನ್ನ ಅಕ್ಕನ ಕಥೆ ಹೇಳದಿದ್ದರೆ ಈ ಬರಹ ಪೂರ್ತಿಯಾಗದು.

ಅಕ್ಕ ಕಡೂರಿನ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಹೋದಾಗಿನಿಂದ ಸೌದೆ ಒಲೆ ಊದಿದವಳು. ಗ್ಯಾಸು ಬಂದ ಮೇಲೂ ಬಿಸಿನೀರು, ರೊಟ್ಟಿ ಸೌದೆಯಲ್ಲೇ. ಅವಳಿಗೆ ದಮ್ಮು. ಚಳಿಗಾಲದಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. 2024ರಲ್ಲಿ ಅವಳ ಭುಜಕ್ಕೂ ಆಪರೇಷನ್ ಗೊತ್ತಾಯಿತು. ಬೇರೆ ಆಸ್ಪತ್ರೆ. ನಾನು ಜೊತೆಗೆ ಹೋದೆ.

ಅರಿವಳಿಕೆ ಡಾಕ್ಟರನ್ನು ಕಾಣುವ ಮೊದಲು ಅಕ್ಕ ನನ್ನ ಕೈ ಹಿಡಿದು, "ದಮ್ಮಿನ ವಿಷಯ ಎತ್ತಬೇಡ ಕಣೇ. ಹೇಳಿದ್ರೆ ಆಪರೇಷನ್ನೇ ಬೇಡ ಅಂದುಬಿಡ್ತಾರೆ. ಆಮೇಲೆ ಈ ಕೈ ಹೀಗೇ" ಅಂದಳು. ಒಳಗೆ ಡಾಕ್ಟರು "ಉಸಿರಾಟದ ತೊಂದರೆ ಏನಾದರೂ?" ಎಂದು ಕೇಳಿದಾಗ "ಇಲ್ಲ ಸ್ವಾಮಿ" ಎಂದೂಬಿಟ್ಟಳು!

ನನಗೆ ಗಂಟಲು ಒಣಗಿತು. ಹಿರಿಯವಳ ಮಾತು ಮೀರುವುದು ಹೇಗೆ? ಆದರೆ ನನ್ನ ಸರದಿಯಲ್ಲಿ ಕೇಳಿ ತಿಳಿದ ಒಂದು ಸಂಗತಿ ತಲೆಯಲ್ಲಿ ಕೊರೆಯುತ್ತಿತ್ತು. ನಾವು ಉಸಿರೆಳೆಯುವುದು ಎದೆ ಹೊಟ್ಟೆಗಳ ನಡುವಿನ ವಪೆ ಎಂಬ ಸ್ನಾಯುವಿನ ಬಲದಿಂದ. ಅದರ ನರವೂ ಕತ್ತಿನಿಂದಲೇ ಹೊರಟು, ಇಂಜೆಕ್ಷನ್ ಕೊಡುವ ಜಾಗದ ತೀರ ಹತ್ತಿರದಲ್ಲೇ ಇಳಿದುಹೋಗುತ್ತದೆ. ಔಷಧಿ ಅದಕ್ಕೂ ಹರಡಿ ಆ ಕಡೆಯ ಅರ್ಧ ವಪೆ ಕೆಲವು ಗಂಟೆ ಸುಮ್ಮನಾಗುವುದು ಬಹಳ ಸಾಮಾನ್ಯ. ಶ್ವಾಸಕೋಶ ಗಟ್ಟಿಯಿದ್ದವರಿಗೆ ಅದು ಗೊತ್ತೇ ಆಗದು, ಇಲ್ಲವೇ ಉಸಿರು ಸ್ವಲ್ಪ ಗಿಡ್ಡವಾದಂತೆ ಅನಿಸಬಹುದು. ಮೊದಲೇ ದಮ್ಮು ಇರುವವರಿಗೆ? ಅರ್ಧ ಬಲ ಹೋದರೆ ಉಳಿಯುವುದೆಷ್ಟು?

"ಡಾಕ್ಟ್ರೇ, ಅಕ್ಕನಿಗೆ ದಮ್ಮಿದೆ. ಹತ್ತು ವರ್ಷದಿಂದ ಇನ್‌ಹೇಲರ್ ಎಳೀತಾಳೆ" ಅಂದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಳ್ಳೆಯ ಕೆಲಸ ಮಾಡಿದಿರಿ. ಇದು ಗೊತ್ತಿಲ್ಲದೆ ಕತ್ತಿಗೆ ಕೊಟ್ಟಿದ್ದರೆ ಇವರಿಗೆ ಉಸಿರಾಟಕ್ಕೆ ಕಷ್ಟವಾಗಬಹುದಿತ್ತು" ಅಂದರು. ಆಪರೇಷನ್ ಬೇಡ ಎಂದು ಅನ್ನಲಿಲ್ಲ! ಊದುವ ಪರೀಕ್ಷೆ ಮಾಡಿಸಿದರು. ಎದೆಯ ಡಾಕ್ಟರನ್ನು ಕಾಣಿಸಿ ಮೂರು ವಾರ ಔಷಧಿ ಸರಿಮಾಡಿಸಿದರು. ಆಮೇಲೆ ಕತ್ತಿನ ಬದಲು ಭುಜದ ಹಿಂಬದಿಯಲ್ಲಿ, ಹೆಗಲ ಮೂಳೆಯ ಬಳಿ ಭುಜಕ್ಕೆ ಹೋಗುವ ನರಕ್ಕೂ ಕಂಕುಳ ಕಡೆಯ ನರಕ್ಕೂ ಬೇರೆ ಬೇರೆಯಾಗಿ ಇಂಜೆಕ್ಷನ್ ಕೊಟ್ಟರು. ತೂಬನ್ನು ಬಿಟ್ಟು ಕಾಲುವೆಗಳನ್ನು ಮುಚ್ಚಿದ ಹಾಗೆ. ಮೊದಲ ಕೆಲವು ಗಂಟೆ ಕತ್ತಿನ ಇಂಜೆಕ್ಷನ್ನಿನಷ್ಟು ಪೂರ್ತಿ ಮರಗಟ್ಟದಿರಬಹುದು, ಆದರೆ ಉಸಿರಿಗೆ ತೊಂದರೆ ಕಡಿಮೆ.

ಆ ರಾತ್ರಿ ಅಕ್ಕನ ಪಕ್ಕ ನಾನೇ ಮಲಗಿದ್ದೆ. ಮೊಬೈಲಿನಲ್ಲಿ ಗಂಟೆ ಹೊಡೆಯುವಂತೆ ಇಟ್ಟು, ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ ಏಳಿಸಿ ಮಾತ್ರೆ ನುಂಗಿಸಿದೆ. "ನೋವಿಲ್ಲ ಬಿಡೇ, ನಿದ್ದೆ ಕೆಡಿಸ್ಬೇಡ" ಎಂದು ಗೊಣಗಿದಳು. ಬಿಡಲಿಲ್ಲ. ನೋವು ಬರಲೇ ಇಲ್ಲ ಎಂದರೆ ಸುಳ್ಳಾದೀತು. ಬಂತು. ಆದರೆ ಹಲ್ಲುನೋವಿನಷ್ಟು, ತಡೆಯುವಷ್ಟು. ಬೆಳಿಗ್ಗೆ ಎದ್ದು "ಕಾಫಿ ಎಲ್ಲೇ?" ಎಂದು ಕೇಳಿದಳು. ನನಗೆ ಕಣ್ಣಲ್ಲಿ ನೀರು ಬಂತು.

ಇವಿಷ್ಟು ನೆನಪಿರಲಿ

ಭುಜದ ಆಪರೇಷನ್ ನಿಮಗಾಗಲಿ, ಮನೆಯವರಿಗಾಗಲಿ ಗೊತ್ತಾದರೆ ಈ ಮಾತುಗಳನ್ನು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ಹೇಳಬೇಕಾದ್ದು: ದಮ್ಮು, ಗೊರಕೆ, ಹಳೆಯ ಕ್ಷಯ, ಸಕ್ಕರೆ ಕಾಯಿಲೆ, ಕೈಯಲ್ಲಿ ಮೊದಲೇ ಇರುವ ಜೋಮು, ರಕ್ತ ತೆಳುಮಾಡುವ ಮಾತ್ರೆ, ಆಗದ ಔಷಧಿ. ಒಂದನ್ನೂ ಮುಚ್ಚಿಡಬೇಡಿ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.

ಕೇಳಬೇಕಾದ್ದು: ಇಂಜೆಕ್ಷನ್ ಎಲ್ಲಿ ಕೊಡುತ್ತೀರಿ? ಎಷ್ಟು ಹೊತ್ತು ಇರುತ್ತದೆ? ಮೊದಲ ಮಾತ್ರೆ ಎಷ್ಟು ಗಂಟೆಗೆ? ರಾತ್ರಿ ನೋವು ಹೆಚ್ಚಾದರೆ ಯಾರಿಗೆ ಹೇಳಬೇಕು? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಇಂಜೆಕ್ಷನ್ ಕೊಡುವಾಗ: ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವುದು, ತುಟಿ ಜುಮ್ಮೆನ್ನುವುದು, ಕೈಯಲ್ಲಿ ಸಿಡಿಲಿನಂತಹ ನೋವು, ಇವು ಕಂಡರೆ ತಕ್ಷಣ ಹೇಳಿ. ಔಷಧಿ ರಕ್ತನಾಳಕ್ಕೆ ಹೋಗುತ್ತಿದೆಯೇ, ಸೂಜಿ ನರಕ್ಕೆ ತಾಗುತ್ತಿದೆಯೇ ಎಂದು ಅವರು ನೋಡಬೇಕು. ಇಂಥದ್ದು ಅಪರೂಪ. ಆದರೂ ಸಂಕೋಚ ಬೇಡ.

ಕೈ ಮರಗಟ್ಟಿರುವಾಗ: ಆ ಕೈ ನಿಮ್ಮದಲ್ಲ, ಎಳೆಮಗುವಿನದು ಎಂದುಕೊಳ್ಳಿ! ಸುಟ್ಟರೆ ತಿಳಿಯದು, ಒತ್ತಿದರೆ ತಿಳಿಯದು. ಒಲೆಯ ಹತ್ತಿರ ಹೋಗಬೇಡಿ. ಬಿಸಿನೀರಿನ ಚೀಲ ಬೇಡವೇ ಬೇಡ. ಮಂಜುಗಡ್ಡೆ ಇಡಲು ಹೇಳಿದ್ದರೆ ಬಟ್ಟೆ ಸುತ್ತಿ, ಹೇಳಿದಷ್ಟೇ ಹೊತ್ತು. ಕೈಪಟ್ಟಿ ಬಿಚ್ಚಬೇಡಿ, ಬಿಚ್ಚಿದರೆ ಕೈ ಜೋತುಬಿದ್ದು ಹೊಲಿಗೆಗೆ ಪೆಟ್ಟಾದೀತು. ಬಳೆ, ಉಂಗುರ ಮೊದಲೇ ತೆಗೆದಿಡಿ, ಬೆರಳು ಊದಿಕೊಳ್ಳುತ್ತದೆ. ಎರಡು ಮೂರು ದಿಂಬು ಒರಗಿಟ್ಟು ಅರ್ಧ ಕೂತಂತೆ ಮಲಗಿದರೆ ಭುಜಕ್ಕೂ ಹಿತ, ಉಸಿರಿಗೂ ಹಿತ.

ಮಾತ್ರೆ: ನೋವಿಲ್ಲದಿದ್ದರೂ ಬರೆದ ಹೊತ್ತಿಗೆ. ಮುಖ್ಯವಾಗಿ ಮಲಗುವ ಮೊದಲಿನ ಮಾತ್ರೆ ತಪ್ಪಿಸಲೇಬೇಡಿ. ಹಾಗೆಂದು ಬರೆದದ್ದಕ್ಕಿಂತ ಹೆಚ್ಚು ನುಂಗುವುದು, ಪಕ್ಕದ ಮನೆಯವರ ಮಾತ್ರೆ ತರುವುದು ಸಲ್ಲದು.

ಕೂಡಲೇ ಡಾಕ್ಟರಿಗೆ: ಉಸಿರುಕಟ್ಟಿದರೆ, ಎದೆ ನೋವು ಬಂದರೆ, ಬೆರಳು ನೀಲಿಯಾದರೆ, ಬಾಯಿ ಸೊಟ್ಟಗಾದರೆ, ಎರಡು ದಿನ ಕಳೆದರೂ ಜೋಮು ಬಿಡದಿದ್ದರೆ. ಕೆಲವರಿಗೆ ಒಂದಿಷ್ಟು ಜೋಮು ಕೆಲವು ವಾರ ಉಳಿದು ಆಮೇಲೆ ಹೋಗುವುದುಂಟು. ಹೆಚ್ಚು ಕಾಲ ಉಳಿಯುವುದು ಅಪರೂಪ. ಆದರೆ ಡಾಕ್ಟರು ನೋಡಿಯೇ ಹೇಳಬೇಕು.

ಕೊನೆಗೊಂದು ಮಾತು

ನೋವು ತಡೆಯುವುದೇ ಹೆಣ್ಣಿನ ಹೆಗ್ಗಳಿಕೆ ಎಂದು ನಮ್ಮ ಅಮ್ಮಂದಿರು ನಂಬಿದ್ದರು. ಅವರ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ. ನಮಗಿದೆ. ಆಪರೇಷನ್ ಆದ ಮೇಲೆ ನೋವು ಹಿಡಿತದಲ್ಲಿದ್ದರೆ ನಿದ್ದೆ ಬರುತ್ತದೆ, ಅನ್ನ ಸೇರುತ್ತದೆ, ಡಾಕ್ಟರು ಹೇಳಿದಾಗ ಕೈಯ ವ್ಯಾಯಾಮ ಮಾಡಲು ಧೈರ್ಯ ಬರುತ್ತದೆ. ಆ ವ್ಯಾಯಾಮ ಮಾಡಿದರೆ ತಾನೇ ಕೈ ಮತ್ತೆ ಮೇಲೇಳುವುದು? "ನೋವಾಗುತ್ತಿದೆ" ಎಂದು ಬಾಯಿಬಿಟ್ಟು ಹೇಳುವುದು ನಾಚಿಕೆಯ ಮಾತಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಾನು ಗಳಿಸಿದ್ದೇನೂ ಇಲ್ಲ.

ಅಕ್ಕ ಈಗ ಎರಡು ಕೈಯಲ್ಲೂ ರೊಟ್ಟಿ ತಟ್ಟುತ್ತಾಳೆ. ನೀರು ಕಾಯಿಸುವ ಸೌದೆ ಒಲೆಯನ್ನು ಭಾವನವರು ಕಿತ್ತು ಹಾಕಿಸಿದ್ದಾರೆ. ದುರುಗುಟ್ಟಿ ನೋಡಿದ್ದಕ್ಕೆ ಮೊನ್ನೆ ಹೋದಾಗ ಒಂದು ಡಬ್ಬ ಕೊಬ್ಬರಿ ಮಿಠಾಯಿ ಮಾಡಿಕೊಟ್ಟಳು. ನಾನು? ಇವತ್ತು ಬೆಳಿಗ್ಗೆ ನನ್ನ ಜಡೆ ನಾನೇ ಹಾಕಿಕೊಂಡು ಇದನ್ನು ಬರೆಯಲು ಕೂತೆ. ಐದು ನಿಮಿಷ ಹಿಡಿಯಿತು!